ಜೇಬಿನಲ್ಲಿ ಉಳಿದದ್ದು

ಜುಫೇರಿನ ಈ ಓಣಿಯಲ್ಲಿ ಅಮೆರಿಕದ ಚುನಾವಣೆ
ಮೊದಲು ಗೊತ್ತಾಗುವುದು ನನ್ನ ಹೊಲಿಗೆ ಮಿಷನ್ನಿಗೆ.
ಅಕ್ಟೋಬರ್ ಬಂತೆಂದರೆ ನೌಕಾನೆಲೆಯ ಹುಡುಗರು
ಪ್ಯಾಂಟಿನ ಉದ್ದಕ್ಕೂ ಜಗಳ ತೆಗೆಯುತ್ತಾರೆ.
ಒಟ್ಟಿಗೆ ಬರುತ್ತಿದ್ದ ಇಬ್ಬರು, ಈಗ
ಒಬ್ಬ ತಿರುವಿನಲ್ಲಿ ಮರೆಯಾದ ಮೇಲೆಯೇ ಇನ್ನೊಬ್ಬ.
ನಾನು ಗುಂಡುಸೂಜಿ ಕಚ್ಚಿಕೊಂಡು ಅಳತೆ ಹಿಡಿಯುತ್ತೇನೆ.
ಬಾಯಲ್ಲಿ ಸೂಜಿ ಇದ್ದವನನ್ನು
ಯಾರೂ ಅಭಿಪ್ರಾಯ ಕೇಳುವುದಿಲ್ಲ.

ಕೆಫೆಟೇರಿಯಾದ ಕುಂಞುಮೋನು ಪಂಥ ಕಟ್ಟಿದ್ದಾನೆ:
ಸೋತವರು ವಾರವಿಡೀ ಕರಕ್ ಚಹಾ ಕುಡಿಸಬೇಕು.
ಕೋಲ್ಡ್ ಸ್ಟೋರಿನ ಅಬು ಹಾಶಿಮ್ ನಗುತ್ತಾನೆ,
'ದೂರದೂರಿನ ರಾಜಕೀಯವೇ ವಾಸಿ ಮಾರಾಯ,
ಎಷ್ಟು ಮಾತಾಡಿದರೂ ಪುಕ್ಕಟೆ.'

ಮನೆಯಲ್ಲಿ ಬೇರೆ ಕತೆ.
ಒಂಬತ್ತನೇ ಕ್ಲಾಸಿನ ತನ್ವಿತಾಗೆ ಶಾಲೆಯಲ್ಲಿ ಅಣಕು ಚುನಾವಣೆ,
ಚೀಟಿ ಎತ್ತಿ ಕೊಟ್ಟ ಪಕ್ಷ, ಇಷ್ಟವಿಲ್ಲದ್ದು.
ವಾಷಿಂಗ್ ಮಿಷನ್ನಿನ ಎದುರು ನಿಂತು ಭಾಷಣ ಉರು ಹೊಡೆಯುತ್ತಾಳೆ,
ಅದು ಗಡಗಡ ತಿರುಗಿ ಒಪ್ಪಿಗೆ ಕೊಡುತ್ತದೆ.
ನೈಟ್ ಡ್ಯೂಟಿ ಮುಗಿಸಿ ಬಂದ ಗುಲಾಬಿ
ಶೂ ಬಿಚ್ಚುತ್ತ ಕೇಳುವುದು ಒಂದೇ:
'ಯಾರು ಗೆದ್ದರೆ ರೂಪಾಯಿ ಬೀಳ್ತದೆ ಹೇಳಿ,
ಅವತ್ತೇ ಊರಿಗೆ ದುಡ್ಡು ಕಳಿಸುವ.'

ಇಸ್ತ್ರಿಗೆ ಮುಂಚೆ ಜೇಬು ತಡಕುವುದು ಹಳೆಯ ರೂಢಿ.
ಚಿಲ್ಲರೆ, ಚ್ಯೂಯಿಂಗ್ ಗಮ್ಮು,
ಒಮ್ಮೆ ಟಿಶ್ಯೂವಿನಲ್ಲಿ ಸುತ್ತಿದ ಯಾವುದೋ ಮಗುವಿನ ಹಾಲುಹಲ್ಲು.
ಆ ಸೋಮವಾರ ಡೆಲ್ಗಾಡೊಳ ಪ್ಯಾಂಟಿನ ತೊಡೆಜೇಬಿನಲ್ಲಿ
ಎರಡು ಮಡಿಕೆಯ ಲಕೋಟೆ,
ಅಂಟಿಸಿ, ಹಿಂದೆ ಸಹಿ ಹಾಕಿದ್ದು.
ತನ್ವಿತಾ ಓದಿದಳು: 'ಅಪ್ಪಾ, ಇದು ವೋಟು!'
ಟ್ಯೂಬ್‌ಲೈಟಿಗೆ ಹಿಡಿದಳು. ನಾನು ಕಸಿದುಕೊಂಡೆ.
ಅಂಗೈಯಲ್ಲಿ ತೂಗಿದೆ,
ನಾಲ್ಕು ಗುಂಡಿಯಷ್ಟೂ ಭಾರವಿಲ್ಲ.

ನನ್ನದು ಕಡೆಯ ಸಲ ತ್ರಾಸಿಯ ಶಾಲೆಯಲ್ಲಿ.
ಮಾರನೇ ದಿನವೇ ವಿಮಾನ,
ಬೆರಳಿನ ಶಾಯಿ ನನ್ನ ಜೊತೆ ಬಹ್ರೇನಿಗೆ ಬಂತು.
ಉಗುರು ಬೆಳೆದಂತೆ ಅದೂ ಮೇಲೇರಿ, ತುದಿ ಮುಟ್ಟಿ,
ಮುಹರ್ರಕ್ಕಿನ ಆರು ಜನರ ಕೋಣೆಯಲ್ಲಿ
ಒಂದು ಶುಕ್ರವಾರ ಕತ್ತರಿಸಿ ಎಸೆದೆ.
ಇಪ್ಪತ್ತೆರಡು ವರ್ಷ.
ಮತ ಇಲ್ಲದಿದ್ದರೇನು, ಜಗಳಕ್ಕೆ ಬರವಿಲ್ಲ.
ಯಾರೋ ಕಳಿಸಿದ್ದನ್ನು ನಾನು ಮುಂದೆ ತಳ್ಳಿದೆ,
ತಮ್ಮ ಭಾಸ್ಕರ ಮನೆಯವರ ಗ್ರೂಪು ಬಿಟ್ಟು ಹೋದ.
ಗ್ರೂಪಿನ ಚಿತ್ರದಲ್ಲಿ ಅಮ್ಮ ಇನ್ನೂ
ಇಬ್ಬರ ಹೆಗಲ ಮೇಲೂ ಕೈಯಿಟ್ಟು ನಿಂತಿದ್ದಾಳೆ.

ಸಂಜೆ ಗೇಟಿನ ಹತ್ತಿರ ಕಾದೆವು.
ಡೆಲ್ಗಾಡೊ ಹವಾಯಿ ಚಪ್ಪಲಿಯಲ್ಲಿ ಬಂದಳು,
ಸಮವಸ್ತ್ರವಿಲ್ಲದೆ ತೀರಾ ಚಿಕ್ಕವಳು.
'ಹನ್ನೊಂದು ದಿನದಿಂದ ಇಟ್ಟುಕೊಂಡು ತಿರುಗ್ತಿದ್ದೇನೆ.
ಯಾರಿಗೆ ಅಂತ ಡ್ಯಾಡಿ ಕೇಳಿದರು. ಹೇಳಲಿಲ್ಲ.
ಆಮೇಲೆ ಫೋನಿಲ್ಲ.'
ನನ್ನ ಮಗಳತ್ತ ತಿರುಗಿ, 'ನೀನಾಗಿದ್ದರೆ?'
ಮೂರು ಪುಟ ಬಾಯಿಪಾಠವಿದ್ದ ಹುಡುಗಿ
ಚಪ್ಪಲಿಯ ತುದಿಯಿಂದ ಮರಳು ಕೆದಕಿದಳು.
ಅವಳು ಲಕೋಟೆ ತಿರುಗಿ ಜೇಬಿಗೇ ಹಾಕಿಕೊಂಡಳು.

ಬುಧವಾರ ಬೆಳಿಗ್ಗೆ ಓಣಿಯ ಎಲ್ಲ ಟೀವಿಗಳಲ್ಲೂ
ಒಂದು ದೇಶ ಕೆಂಪು ನೀಲಿ ತೇಪೆಯ ಕೌದಿಯಾಗಿ ಹರಡಿತ್ತು.
ಕುಂಞುಮೋನು ಸೋತು ಚಹಾ ಸುರಿದ.
ಇಬ್ಬರಲ್ಲಿ ಒಬ್ಬ ಹುಡುಗ ಬಂದ,
ಇನ್ನೊಬ್ಬ ಇಡೀ ವಾರ ಬರಲೇ ಇಲ್ಲ.
ರೂಪಾಯಿ ಬಿತ್ತು. ಗುಲಾಬಿ ಕೌಂಟರಿನ ಸಾಲಿನಲ್ಲಿ ನಿಂತಳು,
ಖುಷಿಪಡಬೇಕೋ ಬೇಡವೋ ತಿಳಿಯದವಳಂತೆ.

ಡೆಲ್ಗಾಡೊಳ ಬಟ್ಟೆ ಮತ್ತೆ ಬಂತು.
ತೊಡೆಜೇಬಿಗೆ ಕೈ ಹಾಕಿದೆ:
ಖಾಲಿ. ತಳದ ಹೊಲಿಗೆ ಬಿಟ್ಟು
ಬೆರಳು ಆಚೆ ಬಂತು.
ಅಂಚೆಗೆ ಬಿತ್ತೋ, ದಾರಿಯಲ್ಲಿ ಜಾರಿತೋ.
ಎರಡು ಸುತ್ತು ಹೊಲಿಗೆ ಹಾಕಿದೆ, ಬಿಲ್ಲಿಗೆ ಬರೆಯಲಿಲ್ಲ.

ಶಟರ್ ಎಳೆದು ಭಾಸ್ಕರನ ನಂಬರು ತೆಗೆದೆ.
ಇಲ್ಲಿ ಹತ್ತೂವರೆ, ಅಲ್ಲಿ ಒಂದು ಗಂಟೆ,
ಮಲಗಿರುತ್ತಾನೆ.
ಫೋನನ್ನು ಗುಂಡುಸೂಜಿಯ ಡಬ್ಬದ ಪಕ್ಕ
ಕವುಚಿ ಇಟ್ಟೆ.